ಗಣಕಯಂತ್ರದಲ್ಲಿ ಕಾಣೆಯಾದ ಗ್ರಂಥಾಲಯ

ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ರೈಲುಮಾರ್ಗದಲ್ಲಿ, ದೊಡ್ಡಬಳ್ಳಾಪುರವನ್ನು ದಾಟಿದ ಮೇಲೆ ಗೌರಿಬಿದನೂರನ್ನು ಮುಟ್ಟುವುದಕ್ಕೆ ಮೊದಲು ತೊಂಡೇಬಾವಿ ಎಂಬ ನಿಲ್ದಾಣವು ಸಿಕ್ಕುತ್ತದೆ. 2007ನೆಯ ಇಸವಿಯವರೆಗೆ ಈ ಊರು ಕೋಲಾರ ಜಿಲ್ಲೆಗೆ ಸೇರಿತ್ತು. ಆ ವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯು ಹೊಸದಾಗಿ ರಚಿತವಾದಾಗ, ಗೌರಿಬಿದನೂರು ತಾಲ್ಲೂಕಿನೊಡನೆ ತೊಂಡೇಬಾವಿಯೂ ಅದಕ್ಕೆ ಸೇರಿತು. ಊರು ಇದ್ದ ಸ್ಥಳದಿಂದ ಒಂದು ಅಂಗುಲವೂ ಕದಲಲಿಲ್ಲ. ಮನೆ, ಹೊಲ, ನಿಲ್ದಾಣ ಎಲ್ಲವೂ ಇದ್ದಲ್ಲಿಯೇ ಇದ್ದುವು. ಹಳೆಯ ಕಾಗದಪತ್ರಗಳಲ್ಲಿ ಬರೆದಿದ್ದ ವಿಳಾಸವು ಮಾತ್ರ ಹಳತಾಯಿತು. ಆದರೂ ಅಂಥ ವಿಳಾಸದ ಕಾಗದವನ್ನು ಕಂಡ ಅಂಚೆ ಪೇದೆಯು, 'ಇದು ನಮ್ಮ ತೊಂಡೇಬಾವಿಯೇ' ಎಂದು ತಿಳಿದು ತಲುಪಿಸಬಲ್ಲನು, ಅವನಿಗೆ ಲೋಕಾನುಭವವಿದೆ. ಗಣಕಯಂತ್ರಕ್ಕೆ ಈ ಬಗೆಯ ಊಹಾಶಕ್ತಿಯಿಲ್ಲ. ಕೊಟ್ಟ ವಿಳಾಸದಲ್ಲಿ ಬೇಕಾದ ವಸ್ತು ದೊರೆಯದಿದ್ದರೆ ಅದು ಕೆಲಸವನ್ನು ಅಲ್ಲಿಯೇ ನಿಲ್ಲಿಸಿಬಿಡುತ್ತದೆ.

ಇಂಥ ಊರಿನಲ್ಲಿರುವ ಒಂದು ಕಾಲೇಜಿನ ಕಚೇರಿಯನ್ನು ಊಹಿಸಿಕೊಳ್ಳೋಣ. ಕೆಲವು ವರ್ಷಗಳ ಹಿಂದೆ ಅಲ್ಲಿದ್ದ ಉತ್ಸಾಹಿ ಗುಮಾಸ್ತರೊಬ್ಬರು ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ದತ್ತಾಂಶ ತಂತ್ರಾಂಶದಲ್ಲಿ ವಿದ್ಯಾರ್ಥಿಗಳ ಹೆಸರು, ಶುಲ್ಕ, ಹಾಜರಿಗಳನ್ನೆಲ್ಲ ದಾಖಲಿಸಿ, ಗುಂಡಿಯೊಂದನ್ನು ಒತ್ತಿದರೆ ವ್ಯಾಸಂಗ ಪ್ರಮಾಣಪತ್ರವು ಅಚ್ಚಾಗಿ ಬರುವಂತೆ ಮಾಡಿದ್ದಾರೆ. ಈಗ ಅವರು ಬೇರೆ ಊರಿಗೆ ವರ್ಗವಾಗಿ ಹೋಗಿದ್ದಾರೆ. ಕಚೇರಿಗೆ ಹೊಸ ಗಣಕಯಂತ್ರ ಬಂದಿದೆ. ಹಳೆಯ ಕಡತವನ್ನು ಪೆನ್ ಡ್ರೈವಿನಲ್ಲಿ ತಂದು ಹೊಸ ಯಂತ್ರಕ್ಕೆ ಹಾಕಿ ಗುಂಡಿಯನ್ನು ಒತ್ತಿದರೆ, ಪ್ರಮಾಣಪತ್ರ ಬರುವುದಿಲ್ಲ; 'ಕಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ', ಎಂದರೆ 'ಯೋಜನೆ ಅಥವಾ ಗ್ರಂಥಾಲಯ ಸಿಕ್ಕಲಿಲ್ಲ' ಎಂಬ ಸಂದೇಶ ಬರುತ್ತದೆ. ವಿದ್ಯಾರ್ಥಿವೇತನದ ಅರ್ಜಿಗೆ ಮರುದಿನವೇ ಕೊನೆಯ ದಿನ. ಬಾಗಿಲಲ್ಲಿ ಹುಡುಗರು ಸಾಲಾಗಿ ನಿಂತಿದ್ದಾರೆ. ದಾಖಲೆಗಳೆಲ್ಲ ಹಾಳಾದುವೆಂದು ಒಬ್ಬರು ಹೇಳುತ್ತಾರೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯಬೇಕೆಂದು ಮತ್ತೊಬ್ಬರು ಸೂಚಿಸುತ್ತಾರೆ.

ಈ ಎರಡು ಮಾತುಗಳೂ ತಪ್ಪು. ಒಂದು ಹೆಸರೂ ಕಳೆದಿಲ್ಲ, ಒಂದು ಅಂಕಿಯೂ ಅಳಿದಿಲ್ಲ. ಹಳತಾಗಿರುವುದು ಒಂದು ವಿಳಾಸ ಮಾತ್ರ. ಅದು ಯಾವ ವಿಳಾಸ, ಅದನ್ನು ಯಂತ್ರವು ಎಲ್ಲಿ ಬರೆದಿಟ್ಟುಕೊಂಡಿರುತ್ತದೆ, ಅದನ್ನು ಸರಿಪಡಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಗ್ರಂಥಾಲಯವೆಂದರೇನು?

ಗಣಕಯಂತ್ರದ ವಿಷಯದಲ್ಲಿ 'ಲೈಬ್ರರಿ' ಎಂಬ ಮಾತು ಅಲಂಕಾರವಾಗಿ ಹುಟ್ಟಿದುದಲ್ಲ. 1949ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಎಡ್ಸಾಕ್ ಎಂಬ ಗಣಕಯಂತ್ರವು ತನ್ನ ಮೊದಲ ಲೆಕ್ಕವನ್ನು ಮಾಡಿತು. ವರ್ಗಮೂಲ, ಸೈನ್, ಕೊಸೈನ್ ಮುಂತಾದುವನ್ನು ಕಂಡುಹಿಡಿಯುವ ಆದೇಶಗಳನ್ನು ಪ್ರತಿಯೊಬ್ಬನೂ ಪ್ರತಿಸಲವೂ ಹೊಸದಾಗಿ ಬರೆಯುವುದು ವ್ಯರ್ಥಶ್ರಮವೆಂಬುದನ್ನು ಅಲ್ಲಿಯ ವಿಜ್ಞಾನಿಗಳು ಬೇಗನೆ ಕಂಡುಕೊಂಡರು. ಒಮ್ಮೆ ಬರೆದು ಪರೀಕ್ಷಿಸಿದ ಆದೇಶಮಾಲೆಗಳನ್ನು ಕಾಗದದ ಪಟ್ಟಿಗಳಲ್ಲಿ ರಂಧ್ರಗಳ ರೂಪದಲ್ಲಿ ದಾಖಲಿಸಿ, ಉಕ್ಕಿನ ಬೀರುವೊಂದರಲ್ಲಿ ಜೋಡಿಸಿಟ್ಟರು. ಬೇಕಾದವರು ಬೇಕಾದ ಪಟ್ಟಿಯನ್ನು ತೆಗೆದು, ತಮ್ಮ ಪಟ್ಟಿಯಲ್ಲಿ ಅದರ ನಕಲನ್ನು ಸೇರಿಸಿಕೊಂಡು, ಮತ್ತೆ ಬೀರುವಿನಲ್ಲಿ ಇಡುತ್ತಿದ್ದರು. ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಎಂಬ ಮೂವರು 1951ರಲ್ಲಿ ಈ ಪದ್ಧತಿಯನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದರು.

ಈ ಹಳೆಯ ಪದ್ಧತಿಯಲ್ಲಿ ಒಂದು ಗುಣವಿತ್ತು. ನಕಲು ಮಾಡಿಕೊಂಡ ಮೇಲೆ ಬೀರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕ್ರಮವಿಧಿಗೆ ಬೇಕಾದುದೆಲ್ಲ ಅದರೊಳಗೇ ಇರುತ್ತಿತ್ತು. ಆದರೆ ದೋಷವೂ ಇತ್ತು. ಒಂದೇ ಆದೇಶಮಾಲೆಯು ನೂರು ಕ್ರಮವಿಧಿಗಳಲ್ಲಿ ನೂರು ಸಲ ಸ್ಥಳವನ್ನು ಆಕ್ರಮಿಸುತ್ತಿತ್ತು. ಅದರಲ್ಲಿ ಒಂದು ತಪ್ಪು ಕಂಡುಬಂದರೆ ನೂರು ಕಡೆ ತಿದ್ದಬೇಕಾಗುತ್ತಿತ್ತು. ಆದ್ದರಿಂದ ಕಾಲಕ್ರಮದಲ್ಲಿ ಬೇರೊಂದು ಪದ್ಧತಿ ಬಳಕೆಗೆ ಬಂದಿತು. ಗ್ರಂಥಾಲಯದ ಒಂದೇ ಪ್ರತಿಯು ಯಂತ್ರದಲ್ಲಿ ಇರುತ್ತದೆ; ಕ್ರಮವಿಧಿಯು ಅದನ್ನು ನಕಲು ಮಾಡಿಕೊಳ್ಳದೆ, 'ಇಂಥದು ಇಂಥಲ್ಲಿದೆ' ಎಂಬ ಉಲ್ಲೇಖವನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಇದನ್ನೇ 'ರೆಫರೆನ್ಸ್' ಎನ್ನುತ್ತಾರೆ.

ಪರೀಕ್ಷೆಯಲ್ಲಿ ಲೆಕ್ಕ ಮಾಡುವ ವಿದ್ಯಾರ್ಥಿಯು ಲಾಗರಿತಮ್ ಕೋಷ್ಟಕವನ್ನು ಬಾಯಿಪಾಠ ಮಾಡುವುದಿಲ್ಲ. 'ಕೋಷ್ಟಕವನ್ನು ನೋಡು' ಎಂಬುದಷ್ಟೇ ಅವನಿಗೆ ತಿಳಿದಿದ್ದರೆ ಸಾಕು. ಇದರಿಂದ ತಲೆಯ ಭಾರ ಕಡಿಮೆಯಾಗುತ್ತದೆ. ಆದರೆ ಪರೀಕ್ಷೆಯ ದಿನ ಮೇಜಿನ ಮೇಲೆ ಕೋಷ್ಟಕದ ಪುಸ್ತಕವಿಲ್ಲದಿದ್ದರೆ ಎಷ್ಟು ಬುದ್ಧಿವಂತನಾದರೂ ಕೈಕಟ್ಟಿ ಕೂರಬೇಕಾಗುತ್ತದೆ. ಉಲ್ಲೇಖದ ಲಾಭವೂ ಇದೇ, ಅಪಾಯವೂ ಇದೇ.

ವಿಳಾಸದ ಮೂರು ಭಾಗಗಳು

1992ರಲ್ಲಿ ಮೊದಲು ಹೊರಬಂದ ಆಕ್ಸೆಸ್ ತಂತ್ರಾಂಶದ ಕಡತವೊಂದರಲ್ಲಿ ಸ್ಥೂಲವಾಗಿ ಎರಡು ಬಗೆಯ ಸಾಮಗ್ರಿಗಳಿರುತ್ತವೆ. ಒಂದು, ದತ್ತಾಂಶ; ಎಂದರೆ ಹೆಸರುಗಳು, ಅಂಕಿಗಳು, ದಿನಾಂಕಗಳು ಇರುವ ಕೋಷ್ಟಕಗಳು. ಎರಡನೆಯದು, ಆ ದತ್ತಾಂಶವನ್ನು ಬಳಸಿ ಕೆಲಸ ಮಾಡುವ ಆದೇಶಗಳು; ಇವನ್ನು ವಿಷುಯಲ್ ಬೇಸಿಕ್ ಭಾಷೆಯ ಒಂದು ರೂಪದಲ್ಲಿ ಬರೆದಿರುತ್ತಾರೆ. ಗ್ರಂಥಾಲಯಗಳ ಉಲ್ಲೇಖವು ಸೇರುವುದು ಈ ಎರಡನೆಯ ಭಾಗಕ್ಕೆ. ಆದ್ದರಿಂದಲೇ ಉಲ್ಲೇಖವು ಮುರಿದರೂ ದತ್ತಾಂಶಕ್ಕೆ ಏನೂ ಆಗುವುದಿಲ್ಲ.

ಪ್ರತಿಯೊಂದು ಕಡತವೂ ತನಗೆ ಬೇಕಾದ ಗ್ರಂಥಾಲಯಗಳ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತದೆ. ಭಾಷೆಯ ಮೂಲಗ್ರಂಥಾಲಯವಾದ ವಿಬಿಎ ಮತ್ತು ಆಕ್ಸೆಸ್ ತಂತ್ರಾಂಶದ ಸ್ವಂತ ಗ್ರಂಥಾಲಯ, ಇವೆರಡೂ ಪಟ್ಟಿಯ ತಲೆಯಲ್ಲಿ ಯಾವಾಗಲೂ ಇರುತ್ತವೆ, ಇವನ್ನು ತೆಗೆಯಲಾಗದು. ಕೋಷ್ಟಕಗಳನ್ನು ಓದುವುದಕ್ಕೆ ಡಿಎಓ, ಎಕ್ಸೆಲ್ ಹಾಳೆಗೆ ಪಟ್ಟಿಯನ್ನು ಕಳುಹಿಸುವುದಕ್ಕೆ ಎಕ್ಸೆಲ್ಲಿನ ಗ್ರಂಥಾಲಯ, ಹೀಗೆ ಉಳಿದವುಗಳನ್ನು ಬರೆದವರು ಸೇರಿಸಿರುತ್ತಾರೆ.

ಒಂದೊಂದು ಗ್ರಂಥಾಲಯದ ಗುರುತಿನಲ್ಲೂ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ. ಮೊದಲನೆಯದು 128 ಬಿಟ್ಟುಗಳ ಒಂದು ಗುರುತುಸಂಖ್ಯೆ. ಹದಿನಾರರ ಮೂಲದಲ್ಲಿ ಬರೆದರೆ 32 ಅಂಕಿಗಳಾಗುತ್ತವೆ. ಹೀಗೆ ಬರೆಯಬಹುದಾದ ಸಂಖ್ಯೆಗಳ ಒಟ್ಟು ಮೊತ್ತವು ಸುಮಾರು 3.4 ಗುಣಿಸು 10ರ 38ನೆಯ ಘಾತ. ಇಷ್ಟು ವಿಶಾಲವಾದ ಸಂಖ್ಯಾರಾಶಿಯಲ್ಲಿ ಎರಡು ಗ್ರಂಥಾಲಯಗಳಿಗೆ ಅಕಸ್ಮಾತ್ತಾಗಿ ಒಂದೇ ಸಂಖ್ಯೆ ಬರುವ ಸಂಭವವು ಇಲ್ಲವೆಂದೇ ಹೇಳಬಹುದು. ಎರಡನೆಯದು ಆವೃತ್ತಿಯ ಸಂಖ್ಯೆ. ಮೂರನೆಯದು, ಆ ಕಡತವು ಯಂತ್ರದ ಯಾವ ಕೋಶದಲ್ಲಿದೆ ಎಂಬ ದಾರಿ. ವಿಂಡೋಸ್ ವ್ಯವಸ್ಥೆಯು ತನ್ನಲ್ಲಿ ಸ್ಥಾಪಿತವಾದ ಗ್ರಂಥಾಲಯಗಳನ್ನು 'ರಿಜಿಸ್ಟ್ರಿ' ಎಂಬ ನೋಂದಣಿ ಪುಸ್ತಕದಲ್ಲಿ ಗುರುತುಸಂಖ್ಯೆಯ ಪ್ರಕಾರ ಬರೆದಿಟ್ಟಿರುತ್ತದೆ. ಈ ನೋಂದಣಿ ಪುಸ್ತಕವು ಒಂದೊಂದು ಯಂತ್ರದಲ್ಲಿ ಒಂದೊಂದು ಬಗೆಯಾಗಿರುತ್ತದೆ. ಪೆನ್ ಡ್ರೈವಿನಲ್ಲಿ ಬರುವ ಕಡತದೊಂದಿಗೆ ಅದು ಬರುವುದಿಲ್ಲ. ಕಷ್ಟದ ಬೇರು ಇರುವುದು ಇಲ್ಲಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ

ಈ ದೋಷದ ವಿಚಿತ್ರವೆಂದರೆ, ರೋಗವಿರುವುದು ಒಂದು ಕಡೆ, ನೋವು ಕಾಣಿಸುವುದು ಇನ್ನೊಂದು ಕಡೆ. ನಮ್ಮ ಕಾಲೇಜಿನ ಉದಾಹರಣೆಯಲ್ಲಿ ಕಾಣೆಯಾಗಿರುವುದು ಎಕ್ಸೆಲ್ಲಿಗೆ ಸಂಬಂಧಿಸಿದ ಗ್ರಂಥಾಲಯವೆಂದು ಇಟ್ಟುಕೊಳ್ಳಿ. ವ್ಯಾಸಂಗ ಪ್ರಮಾಣಪತ್ರಕ್ಕೂ ಎಕ್ಸೆಲ್ಲಿಗೂ ಯಾವ ಸಂಬಂಧವೂ ಇಲ್ಲ. ಆದರೂ ಯಂತ್ರವು ಪ್ರಮಾಣಪತ್ರದಲ್ಲಿ ಆ ದಿನದ ತಾರೀಖನ್ನು ಮುದ್ರಿಸುವ 'ಡೇಟ್' ಎಂಬ ಪದವನ್ನೇ ಎತ್ತಿ ತೋರಿಸಿ ನಿಲ್ಲಬಹುದು. ಪದದ ಎಡಭಾಗವನ್ನು ಕತ್ತರಿಸಿ ಕೊಡುವ 'ಲೆಫ್ಟ್', ಅಂಕಿಗಳಿಗೆ ರೂಪ ಕೊಡುವ 'ಫಾರ್ಮ್ಯಾಟ್' ಮುಂತಾದ ಅತಿಸಾಮಾನ್ಯ ಪದಗಳೂ ಹೀಗೆಯೇ ಬೈಗುಳಕ್ಕೆ ಗುರಿಯಾಗುತ್ತವೆ. ಇವೆಲ್ಲವೂ ವಿಬಿಎ ಗ್ರಂಥಾಲಯಕ್ಕೆ ಸೇರಿದುವು. ಆ ಗ್ರಂಥಾಲಯವಾದರೋ ಸ್ವಸ್ಥವಾಗಿಯೇ ಇದೆ!

ಇದಕ್ಕೆ ಕಾರಣವೇನು? ಬರೆದವರು 'ಡೇಟ್' ಎಂದಷ್ಟೇ ಬರೆದಿದ್ದಾರೆ. ಯಾರ ಮನೆಯ ಡೇಟ್ ಎಂಬುದನ್ನು ಹೇಳಿಲ್ಲ. ಇಂಥ ಪದವು ಯಾವ ಗ್ರಂಥಾಲಯದ್ದು ಎಂಬುದನ್ನು ಯಂತ್ರವು ಪಟ್ಟಿಯ ನೆರವಿನಿಂದ ನಿರ್ಧರಿಸಬೇಕು. ಪಟ್ಟಿಯಲ್ಲಿ ಒಂದು ಕೊಂಡಿ ಕಳಚಿದ್ದರೆ ಈ ನಿರ್ಧಾರವೇ ಕೆಡುತ್ತದೆ. ಒಡೆಯನ ಹೆಸರಿಲ್ಲದ ಪದವು ಎದುರಾದೊಡನೆ ಯಂತ್ರವು ದೂರು ಹೇಳಿ ನಿಲ್ಲುತ್ತದೆ. ಅದೇ ಪದವನ್ನು ಒಡೆಯನ ಹೆಸರಿನೊಡನೆ 'ವಿಬಿಎ ಡಾಟ್ ಡೇಟ್' ಎಂದು ಬರೆದಿದ್ದರೆ ಅಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಈ ತತ್ತ್ವವನ್ನು ಅರಿಯದವರು 'ಡೇಟ್' ಇರುವ ಸಾಲನ್ನೇ ಮತ್ತೆ ಮತ್ತೆ ತಿದ್ದುತ್ತ ಕೂರುತ್ತಾರೆ. ಸರಿಯಾಗಿದ್ದ ಸಾಲು ಕೆಡುತ್ತದೆಯೇ ಹೊರತು ದೋಷ ಹೋಗುವುದಿಲ್ಲ.

ಕೊಂಡಿ ಕಳಚುವ ಬಗೆಗಳು

ಉಲ್ಲೇಖಗಳು ಮುರಿಯುವುದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳಿವೆ.

ಮೊದಲನೆಯದು, ಗ್ರಂಥಾಲಯವೇ ಇಲ್ಲದಿರುವುದು. 2007ರ ಆಕ್ಸೆಸ್‌ವರೆಗೆ ಪರದೆಯ ಮೇಲೆ ತಿಂಗಳ ಪಂಚಾಂಗವನ್ನು ತೋರಿಸುವ ಉಪಕರಣವೊಂದು ಅದರೊಡನೆ ದೊರೆಯುತ್ತಿತ್ತು. 2010ರ ಆವೃತ್ತಿಯಲ್ಲಿ ಅದನ್ನು ಕೈಬಿಡಲಾಯಿತು. ಅದನ್ನು ನೆಚ್ಚಿದ್ದ ಕಡತಗಳು ಹೊಸ ಯಂತ್ರಗಳಲ್ಲಿ ಅನಾಥವಾದುವು.

ಎರಡನೆಯದು, ಆವೃತ್ತಿಯ ಏರಿಳಿತ. ಎಕ್ಸೆಲ್ಲಿನ ಗ್ರಂಥಾಲಯಕ್ಕೆ 2007ರ ಆವೃತ್ತಿಯಲ್ಲಿ 12, 2010ರಲ್ಲಿ 14, 2013ರಲ್ಲಿ 15, 2016ರಲ್ಲಿ 16 ಎಂಬ ಸಂಖ್ಯೆಗಳಿವೆ. 13ನ್ನು ಬಳಸಲೇ ಇಲ್ಲ. ಹಳೆಯ ಯಂತ್ರದ ಕಡತವನ್ನು ಹೊಸ ಯಂತ್ರದಲ್ಲಿ ತೆರೆದರೆ 14ರ ಉಲ್ಲೇಖವು ಸಾಮಾನ್ಯವಾಗಿ ತಾನಾಗಿಯೇ 16ಕ್ಕೆ ಏರುತ್ತದೆ. ಆದರೆ ಏರಿದುದು ಇಳಿಯುವುದಿಲ್ಲ. ಪ್ರಾಂಶುಪಾಲರ ಕೊಠಡಿಯ ಹೊಸ ಯಂತ್ರದಲ್ಲಿ ತೆರೆದು ಉಳಿಸಿದ ಕಡತವನ್ನು ಕಚೇರಿಯ ಹಳೆಯ ಯಂತ್ರಕ್ಕೆ ತಂದರೆ, ಅದು ಅಲ್ಲಿ ಇಲ್ಲದ 16ನ್ನು ಕೇಳುತ್ತದೆ. ನಿನ್ನೆ ಇದೇ ಯಂತ್ರದಲ್ಲಿ ಓಡುತ್ತಿದ್ದುದು ಇಂದು ಏಕೆ ನಿಂತಿತು ಎಂಬ ಒಗಟಿಗೆ ಅನೇಕ ವೇಳೆ ಉತ್ತರ ಇದೇ.

ಮೂರನೆಯದು, ಯಂತ್ರಾಂಶದ ಅಗಲ. 2010ರಿಂದ ಆಕ್ಸೆಸ್ 32 ಬಿಟ್ಟು ಮತ್ತು 64 ಬಿಟ್ಟು ಎಂಬ ಎರಡು ರೂಪಗಳಲ್ಲಿ ದೊರೆಯುತ್ತಿದೆ. 64 ಬಿಟ್ಟಿನ ಕ್ರಮವಿಧಿಯು 32 ಬಿಟ್ಟಿನ ಗ್ರಂಥಾಲಯವನ್ನು ತನ್ನೊಳಗೆ ತೆಗೆದುಕೊಳ್ಳಲಾರದು. ಮೀಟರ್ ಗೇಜಿನ ಗಾಡಿಯು ಬ್ರಾಡ್ ಗೇಜಿನ ಹಳಿಯ ಮೇಲೆ ಓಡಲಾರದಂತೆ. ಗ್ರಂಥಾಲಯವು ಕಣ್ಣೆದುರಿಗೇ ಇದ್ದರೂ ಉಪಯೋಗವಿಲ್ಲ.

ನಾಲ್ಕನೆಯದು, ದಾರಿಯ ಬದಲಾವಣೆ. ಕೆಲವರು ತಾವೇ ಬರೆದ ಆದೇಶಗಳನ್ನು ಮತ್ತೊಂದು ಆಕ್ಸೆಸ್ ಕಡತದಲ್ಲಿಟ್ಟು ಅದನ್ನೇ ಗ್ರಂಥಾಲಯವಾಗಿ ಬಳಸುವುದುಂಟು. ಆ ಕಡತವನ್ನು ಬೇರೆ ಕೋಶಕ್ಕೆ ಸರಿಸಿದರೆ ಉಲ್ಲೇಖವು ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತದೆ.

ಇವಲ್ಲದೆ, ಮುರಿಯದೆಯೂ ತೊಂದರೆ ಕೊಡುವ ಉಲ್ಲೇಖಗಳಿವೆ. 2000ದ ಆಕ್ಸೆಸ್ಸಿನಲ್ಲಿ ಹೊಸ ಕಡತಗಳಿಗೆ ಡಿಎಓ ಬದಲಾಗಿ ಎಡಿಓ ಎಂಬ ಗ್ರಂಥಾಲಯವನ್ನು ತಾನಾಗಿ ಸೇರಿಸುವ ಪದ್ಧತಿ ಬಂದಿತು. 'ರೆಕಾರ್ಡ್‌ಸೆಟ್' ಎಂಬ ಹೆಸರು ಎರಡರಲ್ಲೂ ಇದೆ, ಆದರೆ ವಸ್ತು ಬೇರೆ. ಎರಡೂ ಪಟ್ಟಿಯಲ್ಲಿದ್ದಾಗ ಯಾವುದು ಮೇಲಿದೆಯೋ ಅದರ ಅರ್ಥವೇ ಸಲ್ಲುತ್ತದೆ. ಒಂದೇ ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಹಾಜರಿ ಪುಸ್ತಕದಲ್ಲಿ ಮೊದಲಿದ್ದವನು 'ಬಂದೆ' ಎನ್ನುವಂತೆ.

ಚಿಕಿತ್ಸಾಕ್ರಮ

ಇನ್ನು ಚಿಕಿತ್ಸೆಯ ವಿಚಾರ. ಮೊಟ್ಟಮೊದಲು ಕಡತದ ಪ್ರತಿಯೊಂದನ್ನು ಮಾಡಿ ಬೇರೆ ಕಡೆ ಇಡಬೇಕು. ಪ್ರಯೋಗವು ನಕಲಿನ ಮೇಲೆ ನಡೆಯಲಿ, ಮೂಲವು ಭದ್ರವಾಗಿರಲಿ.

ಬಳಿಕ ಆಕ್ಸೆಸ್ಸಿನಲ್ಲಿ ಆಲ್ಟ್ ಮತ್ತು ಎಫ್ 11 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆದೇಶಗಳಿರುವ ಕಿಟಕಿ ತೆರೆಯುತ್ತದೆ. ಅಲ್ಲಿ 'ಟೂಲ್ಸ್' ಎಂಬ ಪಟ್ಟಿಯಲ್ಲಿ 'ರೆಫರೆನ್ಸಸ್' ಎಂಬುದನ್ನು ಆರಿಸಬೇಕು. ಅದು ಮಸುಕಾಗಿದ್ದರೆ ಕ್ರಮವಿಧಿಯು ಅರ್ಧದಲ್ಲಿ ನಿಂತಿದೆಯೆಂದು ತಿಳಿದು, 'ರನ್' ಪಟ್ಟಿಯಲ್ಲಿರುವ 'ರೀಸೆಟ್' ಅನ್ನು ಮೊದಲು ಒತ್ತಬೇಕು. ತೆರೆದ ಪಟ್ಟಿಯಲ್ಲಿ ಬಳಕೆಯಲ್ಲಿರುವ ಗ್ರಂಥಾಲಯಗಳ ಎದುರು ಗುರುತು ಇರುತ್ತದೆ. ಮುರಿದ ಉಲ್ಲೇಖದ ಹಿಂದೆ 'ಮಿಸ್ಸಿಂಗ್' ಎಂಬ ಮಾತು ಕಾಣುತ್ತದೆ. ಅದರ ಪೂರ್ಣ ಹೆಸರನ್ನೂ ಕೆಳಗೆ ಕಾಣುವ ದಾರಿಯನ್ನೂ ಕಾಗದದ ಮೇಲೆ ಬರೆದುಕೊಳ್ಳಬೇಕು. ಏಕೆಂದರೆ ಗುರುತನ್ನು ತೆಗೆದ ಮೇಲೆ ಆ ಸಾಲೇ ಮರೆಯಾಗಬಹುದು.

ಈಗ ಒಂದು ಪ್ರಶ್ನೆ: ಈ ಗ್ರಂಥಾಲಯವು ನಿಜವಾಗಿಯೂ ಬೇಕೆ? ಅದರ ಎದುರಿನ ಗುರುತನ್ನು ತೆಗೆದು, 'ಡಿಬಗ್' ಪಟ್ಟಿಯ 'ಕಂಪೈಲ್' ಎಂಬುದನ್ನು ಒತ್ತಿ ನೋಡಿದರೆ ಉತ್ತರ ತಿಳಿಯುತ್ತದೆ. ಯಾವ ದೂರೂ ಬಾರದಿದ್ದರೆ ಅದು ಯಾರೋ ಎಂದೋ ಸೇರಿಸಿ ಮರೆತ ಹೊರೆ, ಬಿಟ್ಟುಬಿಡಬಹುದು. ದೂರು ಬಂದರೆ, ಈ ಸಲ ಯಂತ್ರವು ತೋರಿಸುವ ಪದವು ನಿಜವಾಗಿ ಆ ಗ್ರಂಥಾಲಯಕ್ಕೆ ಸೇರಿದ್ದಾಗಿರುತ್ತದೆ. ಆಗ ಪಟ್ಟಿಯಲ್ಲಿ ಅದರ ಬೇರೆ ಆವೃತ್ತಿಯನ್ನು ಹುಡುಕಿ ಗುರುತು ಹಾಕಬೇಕು. ಇಲ್ಲವೆ 'ಬ್ರೌಸ್' ಒತ್ತಿ ಕಡತವು ಈಗಿರುವ ಜಾಗವನ್ನು ತೋರಿಸಬೇಕು. ಅದೂ ಇಲ್ಲದಿದ್ದರೆ ಆ ತಂತ್ರಾಂಶವನ್ನು ಯಂತ್ರದಲ್ಲಿ ಸ್ಥಾಪಿಸಬೇಕು. 'ಮಿಸ್ಸಿಂಗ್' ಎಂಬ ಮಾತು ಎಲ್ಲಿಯೂ ಕಾಣದೆ ತೊಂದರೆ ಮಾತ್ರ ಇದ್ದರೆ, ಬೇಡದ ಯಾವುದಾದರೂ ಒಂದು ಗ್ರಂಥಾಲಯಕ್ಕೆ ಗುರುತು ಹಾಕಿ ಮುಚ್ಚಿ, ಮತ್ತೆ ತೆರೆದು ಗುರುತನ್ನು ತೆಗೆಯುವುದುಂಟು. ಇದರಿಂದ ಯಂತ್ರವು ಪಟ್ಟಿಯನ್ನು ಮೊದಲಿನಿಂದ ಓದಿಕೊಳ್ಳುತ್ತದೆ.

ಮರುಕಳಿಸದಂತೆ ಮಾಡುವುದು

ಚಿಕಿತ್ಸೆಗಿಂತ ಪಥ್ಯ ಮೇಲು. ಮೊದಲ ಪಥ್ಯವೆಂದರೆ, ಬೇಡದ ಗ್ರಂಥಾಲಯಗಳನ್ನು ಸೇರಿಸದಿರುವುದು. ಎರಡನೆಯದು, ಒಂದೇ ಹೆಸರು ಎರಡು ಕಡೆ ಇರುವಲ್ಲಿ 'ಡಿಎಓ ಡಾಟ್ ರೆಕಾರ್ಡ್‌ಸೆಟ್' ಎಂದು ಒಡೆಯನ ಹೆಸರನ್ನೂ ಸೇರಿಸಿ ಬರೆಯುವುದು. ಮೂರನೆಯದು, ದತ್ತಾಂಶವನ್ನು ಒಂದು ಕಡತದಲ್ಲೂ ಆದೇಶಗಳನ್ನು ಇನ್ನೊಂದರಲ್ಲೂ ಇಡುವುದು. ಹೀಗೆ ಮಾಡಿದರೆ ಆದೇಶಗಳ ಕಡತವನ್ನು ಎಷ್ಟು ಸಲ ತಿದ್ದಿದರೂ ದಾಖಲೆಗಳಿಗೆ ಅಪಾಯವಿಲ್ಲ.

ನಾಲ್ಕನೆಯ ಉಪಾಯವು ಸ್ವಲ್ಪ ಸೂಕ್ಷ್ಮವಾದುದು. ಎಕ್ಸೆಲ್ಲಿನಂಥ ಹೊರಗಿನ ತಂತ್ರಾಂಶವನ್ನು ಪಟ್ಟಿಯಲ್ಲಿ ಸೇರಿಸದೆ, ಬೇಕಾದ ಕ್ಷಣದಲ್ಲಿ 'ಕ್ರಿಯೇಟ್ ಆಬ್ಜೆಕ್ಟ್' ಎಂಬ ಆದೇಶದಿಂದ ಹೆಸರು ಹಿಡಿದು ಕರೆಯಬಹುದು. ಆಗ ಯಂತ್ರವು ತನ್ನಲ್ಲಿರುವ ಆವೃತ್ತಿಯನ್ನು ಒದಗಿಸುತ್ತದೆ. ಅದು 14 ಆದರೂ ಸರಿ, 16 ಆದರೂ ಸರಿ. ಎಕ್ಸೆಲ್ ಇಲ್ಲವೇ ಇಲ್ಲವೆಂದರೆ ಆ ಒಂದು ಕೆಲಸ ನಿಲ್ಲುತ್ತದೆ, ಪ್ರಮಾಣಪತ್ರದ ಕೆಲಸ ನಿಲ್ಲುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಕೆಲಸವು ಅಲ್ಪಸ್ವಲ್ಪ ನಿಧಾನವಾಗುತ್ತದೆ. ಬರೆಯುವಾಗ ಯಂತ್ರವು ಪದಗಳನ್ನು ಸೂಚಿಸುವುದಿಲ್ಲ. ಎಕ್ಸೆಲ್ಲಿನ ಸಂಕೇತಪದಗಳ ಬದಲು ಅವುಗಳ ಸಂಖ್ಯೆಗಳನ್ನೇ ಬರೆಯಬೇಕು. ಹಾಳೆಯಲ್ಲಿ ಮೇಲಕ್ಕೆ ಸಾಗು ಎಂಬುದಕ್ಕಿರುವ 'ಎಕ್ಸ್‌ಎಲ್ ಅಪ್' ಎಂಬ ಪದದ ಬೆಲೆ ಋಣ 4162. ಇಂಥವನ್ನು ನೋಡಿ ಬರೆದುಕೊಳ್ಳಬೇಕಾಗುತ್ತದೆ.

ನಮ್ಮ ನಾಡಿನ ಅನುಭವ

ಒಂದು ಕಾಲೇಜಿನ ಕಚೇರಿಯ ಈ ಸಣ್ಣ ಸಮಸ್ಯೆಯ ಹಿಂದಿರುವ ತತ್ತ್ವವು ಸಣ್ಣದಲ್ಲ. ಕರ್ನಾಟಕದ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ 'ಭೂಮಿ' ಯೋಜನೆಯನ್ನು ನೆನೆಯಿರಿ. ಈ ಶತಮಾನದ ಆರಂಭದಲ್ಲಿ ಸುಮಾರು ಎರಡು ಕೋಟಿ ದಾಖಲೆಗಳನ್ನು ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಅಳವಡಿಸಿದ ಈ ಯೋಜನೆಯ ಮೊದಲ ರೂಪದಲ್ಲಿ ಆದೇಶಗಳು ವಿಷುಯಲ್ ಬೇಸಿಕ್ ಭಾಷೆಯಲ್ಲಿದ್ದುವು, ದತ್ತಾಂಶವು ಎಸ್‌ಕ್ಯೂಎಲ್ ಸರ್ವರಿನಲ್ಲಿತ್ತು, ಕನ್ನಡ ಲಿಪಿಯನ್ನು ಸಿ-ಡ್ಯಾಕ್ ಸಂಸ್ಥೆಯ ತಂತ್ರಾಂಶವು ಒದಗಿಸುತ್ತಿತ್ತು. ಒಂದು ಪಹಣಿ ಅಚ್ಚಾಗಿ ರೈತನ ಕೈಸೇರಬೇಕಾದರೆ ಈ ಮೂರು ಅಂಗಗಳೂ ಪ್ರತಿ ತಾಲ್ಲೂಕಿನಲ್ಲಿಯೂ ಒಂದನ್ನೊಂದು ಕಂಡುಕೊಳ್ಳಬೇಕಾಗಿತ್ತು.

ಕನ್ನಡದ ಅಕ್ಷರಗಳೂ ಈ ತತ್ತ್ವಕ್ಕೆ ಹೊರತಲ್ಲ. ನುಡಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದ ಪತ್ರವನ್ನು ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಪತ್ರವು ಹಾಳಾಗಿಲ್ಲ, ಅದು ಹೆಸರಿಸಿದ ಅಕ್ಷರವಿನ್ಯಾಸವು ಅಲ್ಲಿಲ್ಲ, ಅಷ್ಟೆ. ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಎಲ್ಲೆಡೆಯೂ ಒಂದೇ ಸಂಖ್ಯೆಯನ್ನು ಗೊತ್ತುಮಾಡುವ ಯೂನಿಕೋಡ್ ಪದ್ಧತಿಯು, ಒಬ್ಬರ ವಿನ್ಯಾಸವನ್ನೇ ನೆಚ್ಚಬೇಕಾದ ಈ ಕಷ್ಟವನ್ನು ಬಹಳಮಟ್ಟಿಗೆ ನೀಗಿತು.

ಹೊರದೇಶದ ಒಂದು ನಿದರ್ಶನವನ್ನೂ ನೋಡಬಹುದು. 2016ರ ಮಾರ್ಚ್ ತಿಂಗಳಿನಲ್ಲಿ, 'ಲೆಫ್ಟ್ ಪ್ಯಾಡ್' ಎಂಬ ಹನ್ನೊಂದು ಸಾಲುಗಳ ಒಂದು ಪುಟ್ಟ ಕ್ರಮವಿಧಿಯನ್ನು ಅದರ ಕರ್ತೃವು ಸಾರ್ವಜನಿಕ ಸಂಗ್ರಹದಿಂದ ಹಿಂತೆಗೆದುಕೊಂಡನು. ಪದದ ಎಡಗಡೆ ಖಾಲಿ ಜಾಗವನ್ನು ತುಂಬುವುದಷ್ಟೇ ಅದರ ಕೆಲಸ. ಆದರೆ ಪ್ರಪಂಚದ ಅಸಂಖ್ಯಾತ ಯೋಜನೆಗಳು ಒಂದರ ಮೂಲಕ ಒಂದು ಅದನ್ನು ಉಲ್ಲೇಖಿಸಿದ್ದುವು. ಅವುಗಳನ್ನು ಹೊಸದಾಗಿ ಕಟ್ಟುವ ಕಾರ್ಯವೇ ನಿಂತಿತು. ಕೆಲವು ಗಂಟೆಗಳಲ್ಲಿ ಅದನ್ನು ಮತ್ತೆ ಇದ್ದಲ್ಲಿ ಇರಿಸಬೇಕಾಯಿತು.

ಇಷ್ಟರಿಂದ ವಿದ್ಯಾರ್ಥಿಗಳು ಗ್ರಹಿಸಬೇಕಾದುದು ಎರಡು ಮಾತು. ಯಂತ್ರವು ಕೈತೋರಿಸಿದ ಜಾಗದಲ್ಲಿಯೇ ದೋಷವಿರಬೇಕೆಂಬ ನಿಯಮವಿಲ್ಲ. ತಿದ್ದುವುದಕ್ಕೆ ಮೊದಲು, ಅದು ಯಾವುದನ್ನು ಹುಡುಕುತ್ತಿತ್ತು ಎಂದು ವಿಚಾರಿಸಬೇಕು. ಎರಡನೆಯದಾಗಿ, ನಾವು ಕಟ್ಟಿದ ಕ್ರಮವಿಧಿಯು ಯಾವ ಯಾವ ಗ್ರಂಥಾಲಯಗಳ ಯಾವ ಯಾವ ಆವೃತ್ತಿಗಳನ್ನು ನೆಚ್ಚಿದೆಯೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಕಡತದ ಜೊತೆಯಲ್ಲಿಡಬೇಕು. ಬರೆದವರು ವರ್ಗವಾಗಿ ಹೋಗುತ್ತಾರೆ, ಯಂತ್ರಗಳು ಹಳತಾಗುತ್ತವೆ. ಆ ಒಂದು ಹಾಳೆಯು ಕೈಯಲ್ಲಿದ್ದರೆ, ಮುಂದೆ ಅದೇ ಕುರ್ಚಿಯಲ್ಲಿ ಕೂರುವವರು ಬಾಗಿಲಲ್ಲಿ ಕಾದು ನಿಂತ ಹುಡುಗರನ್ನು ಬರಿಗೈಯಲ್ಲಿ ಕಳುಹಿಸಬೇಕಾಗಿ ಬರುವುದಿಲ್ಲ.